ಯೀ ಜನರ ಕತ್ತಿ ಕುಣಿತ, ಲೀಸು ಜನರ ಕತ್ತಿಯೇಣಿ: ಎರಡೂ ಒಂದೇ ಹಬ್ಬವೇ?

ಕಣಗಿಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಗೋಡೆಪತ್ರಿಕೆಗೆ ‘ಆಯುಧ ಹಿಡಿದು ಕುಣಿಯುವ ಆಚರಣೆಗಳು’ ಎಂಬ ವಿಶೇಷ ಸಂಚಿಕೆಯನ್ನು ವಿದ್ಯಾರ್ಥಿಗಳೊಂದಿಗೆ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಅರ್ಧ ಪುಟವನ್ನು ಚೀನಾದ ಯುನ್ನಾನ್ ಪ್ರಾಂತ್ಯದ ಯೀ ಜನರಿಗೆ ಮೀಸಲಿಟ್ಟಿದ್ದೇವೆ. ಒಬ್ಬ ವಿದ್ಯಾರ್ಥಿನಿ ಬರೆದು ತಂದ ಟಿಪ್ಪಣಿಯಲ್ಲಿ ಹೀಗಿದೆ: ‘ಯೀ ಜನರ ಕತ್ತಿ ಹಬ್ಬದಲ್ಲಿ ಗಂಡಸರು 36 ಕತ್ತಿಗಳ ಏಣಿಯನ್ನು ಬರಿಗಾಲಿನಲ್ಲಿ ಏರುತ್ತಾರೆ, ಕೆಂಡ ತುಳಿಯುತ್ತಾರೆ, ರಾತ್ರಿಯಿಡೀ ಕತ್ತಿ ಹಿಡಿದು ಬೆಂಕಿಯ ಸುತ್ತ ಕುಣಿಯುತ್ತಾರೆ.’

ಟಿಪ್ಪಣಿಯ ಜೊತೆ ಎರಡು ಚಿತ್ರಗಳಿವೆ. ಒಂದು ಹಗಲಿನದು: ಎತ್ತರದ ಎರಡು ಮರದ ಕಂಬಗಳ ನಡುವೆ ಕತ್ತಿಗಳನ್ನು ಅಡ್ಡಲಾಗಿ ಕಟ್ಟಿದ್ದಾರೆ, ಕೆಂಪು ಅಂಗಿ ತೊಟ್ಟ ಒಬ್ಬಾತ ಅರ್ಧ ಏರಿದ್ದಾನೆ. ಇನ್ನೊಂದು ರಾತ್ರಿಯದು: ನಡುವೆ ಬೆಂಕಿ, ಸುತ್ತ ಕೈ ಹಿಡಿದ ಜನ, ಒಳಗೆ ಕತ್ತಿ ಬೀಸುತ್ತಿರುವ ಇಬ್ಬರು. ಉಡುಪು ಬೇರೆ, ತಲೆಯ ಮೇಲಿನ ಬಟ್ಟೆ ಬೇರೆ, ಹಿಂದೆ ಕಾಣುವ ಬೆಟ್ಟಗಳ ಆಕಾರವೂ ಬೇರೆ. ಇವೆರಡೂ ಒಂದೇ ಊರಿನ ಒಂದೇ ಹಬ್ಬದ ಚಿತ್ರಗಳೆಂದು ನನಗೇಕೋ ನಂಬಿಕೆ ಬರುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ. ತಪ್ಪು ಮಾಹಿತಿಯನ್ನು ಮಕ್ಕಳ ಕೈಯಲ್ಲಿ ಬರೆಯಿಸಿ ಗೋಡೆಗೆ ಅಂಟಿಸಲು ನನಗೆ ಮನಸ್ಸಿಲ್ಲ.

ದಕ್ಷಿಣದ ಮೋಡ

ನಿಮ್ಮ ಅನುಮಾನ ಸರಿಯಾಗಿದೆ, ಮೇಡಂ. ಮೊದಲನೆಯ ಚಿತ್ರ ಯೀ ಜನರದಲ್ಲ, ಲೀಸು ಜನರದು. ನಾನು ಕೆಲಸದ ನಿಮಿತ್ತ ನಾಲ್ಕು ವರ್ಷ ಕುನ್ಮಿಂಗ್ ನಗರದಲ್ಲಿದ್ದೆ, ಈ ಗೊಂದಲವನ್ನು ಅಲ್ಲಿಯೂ ಹಲವರ ಬಾಯಲ್ಲಿ ಕೇಳಿದ್ದೇನೆ.

ಕತ್ತಿಯೇಣಿಯ ಹಬ್ಬ ಲೀಸು ಜನರದು. ಯುನ್ನಾನಿನ ಪಶ್ಚಿಮದ ಅಂಚಿನಲ್ಲಿ, ಬರ್ಮಾದ ಗಡಿಗೆ ತಾಗಿದ ಲೂಶ್ವೇ ಮತ್ತು ತೆಂಗ್‌ಚೊಂಗ್ ಕಡೆ ಅದು ನಡೆಯುತ್ತದೆ. ಚೀನೀ ಚಾಂದ್ರಮಾನದ ಎರಡನೆಯ ತಿಂಗಳ ಎಂಟನೆಯ ದಿನ ಏಣಿ ಹತ್ತುತ್ತಾರೆ, ಅದರ ಹಿಂದಿನ ರಾತ್ರಿ ಕೆಂಡ ತುಳಿಯುತ್ತಾರೆ. ಯೀ ಜನರ ದೊಡ್ಡ ಹಬ್ಬವಾದ ಪಂಜಿನ ಹಬ್ಬ ಬರುವುದು ಆರನೆಯ ತಿಂಗಳ 24ರಂದು, ಅಂದರೆ ನಮ್ಮ ಲೆಕ್ಕಕ್ಕೆ ಜುಲೈ ಕೊನೆ ಅಥವಾ ಆಗಸ್ಟ್ ಆರಂಭಕ್ಕೆ. ಎರಡಕ್ಕೂ ನಡುವೆ ನಾಲ್ಕೂವರೆ ತಿಂಗಳ ಅಂತರವಿದೆ.

ಹಾಗೆಂದು ಯೀ ಜನರಲ್ಲಿ ಕತ್ತಿ ಕುಣಿತವೇ ಇಲ್ಲವೆಂದು ತಿಳಿಯಬಾರದು. ಚೂಶಿಯೊಂಗ್ ಯೀ ಸ್ವಾಯತ್ತ ವಿಭಾಗದ ಲೂಫೆಂಗ್‌ಗೆ ಸೇರಿದ ಗಾವೊಫೆಂಗ್‌ನಲ್ಲಿ ಪಂಜಿನ ಹಬ್ಬದ ಸಮಯದಲ್ಲೇ ಗಂಡಸರು ದೊಡ್ಡ ಕತ್ತಿಗಳನ್ನು ಹಿಡಿದು ಕುಣಿಯುತ್ತಾರೆ. ಇನ್ನೂ ಪಶ್ಚಿಮಕ್ಕೆ ಹೋದರೆ, ವೇಶಾನ್ ಕಡೆಯ ಯೀ ಜನರ ‘ದಾಗೆ’ ಎಂಬ ವೃತ್ತ ಕುಣಿತದಲ್ಲಿಯೂ ಕತ್ತಿ ಹಿಡಿದವರು ಇರುತ್ತಾರೆ. ನಿಮ್ಮ ಎರಡನೆಯ ಚಿತ್ರ ಈ ದಾಗೆಯದೇ ಇರಬೇಕೆಂದು ನನ್ನ ಊಹೆ.

ಕಣಗಿಲೆ

ಬಹಳ ಉಪಕಾರವಾಯಿತು, ಸರ್. ನೀವು ದಾಗೆಯನ್ನು ಕಣ್ಣಾರೆ ನೋಡಿದ್ದೀರಾ? ನೋಡಿದ್ದರೆ ಕತ್ತಿ ಹಿಡಿದವರು ನಿಖರವಾಗಿ ಏನು ಮಾಡುತ್ತಾರೆಂದು ಸ್ವಲ್ಪ ವಿವರವಾಗಿ ಬರೆಯುವಿರಾ?

ಪಂಚಾಂಗಪ್ರಿಯ

ದಿನಾಂಕದ ಬಗ್ಗೆ ಒಂದು ಮಾತು. ಚೀನೀ ಚಾಂದ್ರಮಾನ ತಿಂಗಳುಗಳೂ ನಮ್ಮ ಅಮಾಂತ ಪಂಚಾಂಗದಂತೆ ಅಮಾವಾಸ್ಯೆಯ ಆಚೆಗೆ ಆರಂಭವಾಗುವುದರಿಂದ ಎರಡನ್ನೂ ಹೊಂದಿಸುವುದು ಕಷ್ಟವಲ್ಲ. ಅವರ ಹೊಸ ವರ್ಷದ ಮೊದಲ ತಿಂಗಳು ಸಾಮಾನ್ಯವಾಗಿ ನಮ್ಮ ಮಾಘಕ್ಕೆ ಹೊಂದುತ್ತದೆ. ಆದ್ದರಿಂದ ಎರಡನೆಯ ತಿಂಗಳ ಎಂಟು ಎಂದರೆ ಫಾಲ್ಗುಣ ಶುದ್ಧ ಅಷ್ಟಮಿ, ಆರನೆಯ ತಿಂಗಳ 24 ಎಂದರೆ ಆಷಾಢ ಬಹುಳ ನವಮಿಯ ಆಸುಪಾಸು. ಉದಾಹರಣೆಗೆ 2024ರಲ್ಲಿ ಕತ್ತಿಯೇಣಿಯ ದಿನ ಮಾರ್ಚ್ 17ಕ್ಕೆ ಬಿತ್ತು, ಪಂಜಿನ ಹಬ್ಬ ಜುಲೈ 29ಕ್ಕೆ ಬಿತ್ತು. ಅಧಿಕಮಾಸದ ವರ್ಷಗಳಲ್ಲಿ ಒಂದು ತಿಂಗಳ ವ್ಯತ್ಯಾಸ ಬರಬಹುದು.

ಒಂದು ಬಿಸಿಲು ಏರುವ ಕಾಲದ ಹಬ್ಬ, ಇನ್ನೊಂದು ಮಳೆಗಾಲದ ನಡುವಿನ ಹಬ್ಬ. ಇದೊಂದೇ ಸಾಕು, ಎರಡೂ ಬೇರೆ ಎನ್ನಲು.

ಪುರವಂತರ ಮನೆ

ನಾನು ಹಾವೇರಿ ಕಡೆಯವನು. ನಮ್ಮ ಮನೆತನದಲ್ಲಿ ಪುರವಂತಿಕೆ, ಅಂದರೆ ವೀರಭದ್ರನ ಸೇವೆಯ ಕುಣಿತ, ನಡೆದುಬಂದಿದೆ. ಗುಗ್ಗಳ ಹೊರಟಾಗ ಖಡ್ಗ ಹಿಡಿದು, ಒಡಪು ಹೇಳಿ, ಶಸ್ತ್ರ ಹಾಕಿಕೊಂಡವರನ್ನು, ಅಂದರೆ ಮೈಗೆ ಅಲಗು ಚುಚ್ಚಿಕೊಂಡವರನ್ನು, ಚಿಕ್ಕಂದಿನಿಂದ ನೋಡಿದ್ದೇನೆ. ನೀವು ಹೇಳುತ್ತಿರುವ ಏಣಿ ಹತ್ತುವುದು, ಕೆಂಡ ಹಾಯುವುದು, ಕತ್ತಿ ಹಿಡಿದು ಕುಣಿಯುವುದು ಇವೆಲ್ಲ ನನಗೆ ಒಂದೇ ಮರದ ಕೊಂಬೆಗಳಂತೆ ಕಾಣುತ್ತವೆ. ಯೀ ಎನ್ನಿ, ಲೀಸು ಎನ್ನಿ, ಅಲಗು ಮುಟ್ಟಿದ ಮೈಯಲ್ಲಿ ದೈವ ನಿಲ್ಲುತ್ತದೆ ಎಂಬ ನಂಬಿಕೆ ಒಂದೇ ಅಲ್ಲವೇ? ಇಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸಬೇಕೇ?

ಇತಿಹಾಸದ ವಿದ್ಯಾರ್ಥಿ

ಬೇರ್ಪಡಿಸಲೇಬೇಕು, ಅಣ್ಣಾ. ಸಂಬಂಧವಿದೆ ಎನ್ನುವುದು ಬೇರೆ, ಎರಡೂ ಒಂದೇ ಎನ್ನುವುದು ಬೇರೆ. ಲೀಸು ಭಾಷೆಯೂ ಯೀ ಭಾಷೆಗಳೂ ಟಿಬೆಟೋ-ಬರ್ಮನ್ ಕುಟುಂಬದ ಒಂದೇ ಉಪಶಾಖೆಗೆ ಸೇರಿವೆ ಎಂಬುದು ನಿಜ. ಕನ್ನಡ, ತುಳು ಎರಡೂ ದ್ರಾವಿಡ ಭಾಷೆಗಳೆಂದು ಭೂತಕೋಲವನ್ನು ಬಯಲುಸೀಮೆಯ ಹಬ್ಬವೆಂದು ಯಾರಾದರೂ ಬರೆದರೆ ನಾವು ಒಪ್ಪುವೆವೇ?

ಚೀನಾ ಸರ್ಕಾರದ ಅಮೂರ್ತ ಪರಂಪರೆಯ ಮೊದಲ ರಾಷ್ಟ್ರೀಯ ಪಟ್ಟಿ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಯೀ ಜನರ ಪಂಜಿನ ಹಬ್ಬವೂ ಲೂಶ್ವೇಯ ಲೀಸು ಕತ್ತಿಯೇಣಿ ಹಬ್ಬವೂ ಪ್ರತ್ಯೇಕ ನಮೂದುಗಳಾಗಿಯೇ ಇವೆ.

ಏಣಿಯ ಹಿಂದಿನ ಕಥೆಯೂ ಯೀ ಜನರದಲ್ಲ. ಮಿಂಗ್ ಕಾಲದ ಯುದ್ಧಮಂತ್ರಿ ವಾಂಗ್ ಜೀ ಎಂಬವನು ಲೂಚ್ವಾನ್ ದೊರೆ ಸಿ ರೆನ್‌ಫಾನ ವಿರುದ್ಧ ದಂಡೆತ್ತಿ 1441ರಲ್ಲಿ ಯುನ್ನಾನಿಗೆ ಬಂದ. ಆತ ಲೀಸು ಜನರೊಂದಿಗೆ ಸೇರಿ ಗಡಿ ಕಾದನೆಂದೂ, ಆಸ್ಥಾನದ ದ್ರೋಹಿಗಳು ಎರಡನೆಯ ತಿಂಗಳ ಎಂಟರಂದು ಅವನಿಗೆ ವಿಷವಿಕ್ಕಿ ಕೊಂದರೆಂದೂ, ಅವನಿಗಾಗಿ ಕತ್ತಿಯ ಬೆಟ್ಟವನ್ನೇ ಹತ್ತುತ್ತೇವೆ, ಬೆಂಕಿಯ ಕಡಲನ್ನೇ ಹಾಯುತ್ತೇವೆ ಎಂದು ಲೀಸು ಜನ ಶಪಥ ಮಾಡಿದರೆಂದೂ ಕಥೆ ಹೇಳುತ್ತದೆ. ಚರಿತ್ರೆಯ ದಾಖಲೆಗಳಂತೆ ವಾಂಗ್ ಜೀ ಮೂರು ದಂಡಯಾತ್ರೆಗಳನ್ನೂ ಮುಗಿಸಿ, ಪದವಿ ಬಿರುದುಗಳನ್ನು ಪಡೆದು, 80 ದಾಟಿದ ಮೇಲೆ 1460ರಲ್ಲಿ ತೀರಿಕೊಂಡ. ವಿಷದ ಕಥೆ ಜನರ ಮನಸ್ಸಿನದು, ದಾಖಲೆಯದಲ್ಲ.

ಪುರವಂತರ ಮನೆ

ದಾಖಲೆಯಲ್ಲಿಲ್ಲ ಎಂದ ಮಾತ್ರಕ್ಕೆ ಕಥೆಯನ್ನು ತಳ್ಳಿಹಾಕಬೇಡಿ, ತಮ್ಮಾ. ಐದುನೂರು ವರ್ಷ ಒಬ್ಬ ದಂಡನಾಯಕನ ಹೆಸರಿನಲ್ಲಿ ಬರಿಗಾಲು ಅಲಗಿನ ಮೇಲಿಟ್ಟವರಿಗೆ ಆ ಕಥೆಯೇ ನಿಜ.

ಇತಿಹಾಸದ ವಿದ್ಯಾರ್ಥಿ

ತಳ್ಳಿಹಾಕುತ್ತಿಲ್ಲ, ಅಣ್ಣಾ. ಕಥೆಯನ್ನು ಕಥೆಯೆಂದೇ ಬರೆಯಲಿ ಎನ್ನುತ್ತಿದ್ದೇನೆ. ಗೋಡೆಪತ್ರಿಕೆಯಲ್ಲಿ ‘ವಾಂಗ್ ಜೀಯ ಹತ್ಯೆಯ ನೆನಪಿಗಾಗಿ’ ಎಂದು ಬರೆದರೆ ತಪ್ಪಾಗುತ್ತದೆ, ‘ವಾಂಗ್ ಜೀ ಹತನಾದನೆಂಬ ಐತಿಹ್ಯದಂತೆ’ ಎಂದರೆ ಸರಿಯಾಗುತ್ತದೆ. ಏಣಿ ಹತ್ತುವವರು ಹಬ್ಬಕ್ಕೆ ಮುಂಚೆ ವ್ರತದಲ್ಲಿದ್ದು, ಹುಂಜ ಬಲಿಕೊಟ್ಟು, ದೈವವನ್ನು ಮೈಮೇಲೆ ಕರೆದುಕೊಂಡು ಏರುತ್ತಾರೆ. ಇದನ್ನು ನೋಡಿದರೆ ದೈವ ಹಿಡಿದವನ ಪರೀಕ್ಷೆ ಎಂಬ ಪದರವೇ ಹಳೆಯದು, ಸೇನಾನಿಯ ಕಥೆ ಆಮೇಲೆ ಬಂದು ಸೇರಿದ್ದು ಎಂದು ನನಗನ್ನಿಸುತ್ತದೆ.

ದಕ್ಷಿಣದ ಮೋಡ

ಕಣಗಿಲೆಯವರು ದಾಗೆಯ ವಿವರ ಕೇಳಿದ್ದರು. ನಾನು ನೋಡಿದ್ದು ವೇಶಾನ್ ಪಟ್ಟಣದ ದಕ್ಷಿಣಕ್ಕಿರುವ ವೇಬಾವೊ ಬೆಟ್ಟದ ಜಾತ್ರೆಯಲ್ಲಿ, ಎರಡನೆಯ ತಿಂಗಳ ಮೊದಲ ಪಕ್ಷದಲ್ಲಿ. ಈ ಬೆಟ್ಟದಲ್ಲಿ ಯುನ್ನಾನಿನ ಪ್ರಾಚೀನ ನಾನ್‌ಜಾವ್ ರಾಜ್ಯದ ಮೂಲಪುರುಷ ಶೀನುಲೋನ ಗುಡಿಯಿದೆ. ಆತ ಏಳನೆಯ ಶತಮಾನದವನು, ವೇಶಾನಿನ ಯೀ ಜನ ಅವನನ್ನು ತಮ್ಮ ಪೂರ್ವಿಕನೆಂದು ಪೂಜಿಸುತ್ತಾರೆ.

ಕತ್ತಲಾಗುತ್ತಿದ್ದಂತೆ ಪೈನ್ ಮರಗಳ ನಡುವಿನ ಬಯಲಿನಲ್ಲಿ ಬೆಂಕಿ ಹಾಕಿದರು. ಮೊದಲು ಒಬ್ಬ ಮುದುಕ ಲೂಶೆಂಗ್ ಊದತೊಡಗಿದ. ಸೋರೆಬುರುಡೆಗೆ ಬಿದಿರು ಕೊಳವೆಗಳನ್ನು ಚುಚ್ಚಿ ಮಾಡಿದ ವಾದ್ಯ ಅದು, ನಮ್ಮ ಪುಂಗಿಯ ಬುರುಡೆಯನ್ನು ನೆನಪಿಸುತ್ತದೆ. ಇನ್ನೊಬ್ಬ ಕೊಳಲಿನಲ್ಲಿ ಜೊತೆಯಾದ. ಇವರಿಬ್ಬರೂ ಬೆಂಕಿಯ ಪಕ್ಕದಲ್ಲೇ ನಡೆಯುತ್ತಿದ್ದರು. ಅವರ ಹಿಂದೆಯೇ ಇಬ್ಬರು ಕತ್ತಿ ಹಿಡಿದವರು ಬಂದರು. ಆಮೇಲೆ ಹೊರಗಿನ ವೃತ್ತ ಕಟ್ಟಿತು, ಹೆಂಗಸರು, ಗಂಡಸರು, ಶಾಲೆಯ ಚೀಲ ಹೆಗಲಿಗಿದ್ದ ಮಕ್ಕಳು ಎಲ್ಲರೂ ಸೇರಿದರು.

ಕತ್ತಿಯವರಲ್ಲಿ ಒಬ್ಬರು ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದರು. ಕತ್ತಿಯ ಹಿಡಿಗೆ ಕಟ್ಟಿದ ಕೆಂಪು ಬಟ್ಟೆ ಬೆವರಿನಿಂದ ಕಪ್ಪಾಗಿತ್ತು. ಅಲಗನ್ನು ಅವರು ಎಂದೂ ಹೊರಗಿನ ವೃತ್ತದ ಕಡೆಗೆ ಚಾಚಲಿಲ್ಲ. ಭುಜದ ಮೇಲಿಂದ ಬೆನ್ನ ಹಿಂದಕ್ಕೆ ತಿರುಗಿಸಿ, ಮೊಣಕಾಲು ಬಾಗಿಸಿ, ನೆಲಕ್ಕೆ ಸಮಾನಾಂತರವಾಗಿ ಒಮ್ಮೆ ಬೀಸಿ, ಮತ್ತೆ ಎದೆಯ ಮುಂದೆ ನೇರ ನಿಲ್ಲಿಸುತ್ತಿದ್ದರು. ಇಬ್ಬರ ಅಲಗುಗಳೂ ಎದುರುಬದುರಾಗುವಾಗ ತಾಗುವುದಿಲ್ಲ, ಒಂದು ಗೇಣು ಬಿಟ್ಟು ಹಾದುಹೋಗುತ್ತವೆ. ಕಾಳಗ ಎಂಬ ಭಾವನೆ ನನಗೆ ಒಮ್ಮೆಯೂ ಬರಲಿಲ್ಲ. ಕುಣಿಯುವವರ ನಡುವಿನ ಜಾಗವನ್ನು ಗುಡಿಸಿ ಕಾಯುತ್ತಿದ್ದಾರೆ ಎಂದೇ ಅನ್ನಿಸಿತು.

ಆ ಬೆಟ್ಟದ ಒಂದು ದೇಗುಲದಲ್ಲಿ ಚೀನಾದ ಕೊನೆಯ ರಾಜವಂಶವಾದ ಛಿಂಗ್ ಕಾಲದ ಭಿತ್ತಿಚಿತ್ರವಿದೆ. ಪೈನ್ ಮರದ ಕೆಳಗೆ ಜನ ವೃತ್ತವಾಗಿ ಕುಣಿಯುತ್ತಿದ್ದಾರೆ, ನಡುವೆ ಊದುವವರಿದ್ದಾರೆ. ಅದನ್ನು ಹಗಲು ನೋಡಿ, ರಾತ್ರಿ ಅದೇ ವೃತ್ತವನ್ನು ನೆಲದ ಮೇಲೆ ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಕೊಡಗಿನ ಕಾಫಿ

ಎಷ್ಟು ಚೆನ್ನಾಗಿ ಬರೆದಿದ್ದೀರಿ. ಅಲಗು ಹೊರಗಿನವರ ಕಡೆ ಚಾಚಲಿಲ್ಲ ಎಂಬ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ನಮ್ಮಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ದಿನ ಒಡಿಕತ್ತಿ, ಕೋವಿಗಳನ್ನು ಪೂಜೆಗಿಟ್ಟಾಗ ಹಿರಿಯರು ಮಕ್ಕಳಿಗೆ ಮೊದಲು ಕಲಿಸುವುದೂ ಅಲಗು ಯಾರ ಕಡೆ ತಿರುಗಿರಬಾರದು ಎಂಬುದನ್ನೇ. ನಾಟಿ ಕೆಲಸ ಮುಗಿದ ಮೇಲೆ ಬರುವ ಹಬ್ಬ ಅದು. ಯೀ ಜನರ ಪಂಜಿನ ಹಬ್ಬಕ್ಕೂ ಬೇಸಾಯಕ್ಕೂ ಸಂಬಂಧವಿದೆಯೇ?

ದಕ್ಷಿಣದ ಮೋಡ

ನೇರ ಸಂಬಂಧವಿದೆ. ಪೈರು ಬೆಳೆಯುತ್ತಿರುವ ಕಾಲದಲ್ಲಿ ಹುಳು ಏಳುತ್ತದೆ, ಆಗಲೇ ಹಬ್ಬ ಬರುತ್ತದೆ. ಯುನ್ನಾನಿನ ನೆರೆಯ ಸಿಚ್ವಾನ್ ಪ್ರಾಂತ್ಯದ ಲಿಯಾಂಗ್‌ಶಾನ್ ಕಡೆಯ ಯೀ ಜನರ ಕಥೆಯಂತೆ, ಆಕಾಶಲೋಕದ ಜಟ್ಟಿ ಸಿರೇಆಬಿ ಭೂಮಿಗಿಳಿದು ಇಲ್ಲಿನ ಜಟ್ಟಿ ಆತಿಲಾಬಾನೊಂದಿಗೆ ಕುಸ್ತಿ ಹಿಡಿದು ಸತ್ತನಂತೆ. ಸಿಟ್ಟಾದ ಆಕಾಶದೇವ ಹುಳುಗಳ ಹಿಂಡನ್ನು ಪೈರಿನ ಮೇಲೆ ಬಿಟ್ಟ. ಆರನೆಯ ತಿಂಗಳ 24ರ ರಾತ್ರಿ ಆತಿಲಾಬಾ ಪೈನ್ ಕೊಂಬೆಗಳ ಪಂಜು ಕಟ್ಟಿ, ಜನರನ್ನು ಕೂಡಿಸಿ ಹುಳುಗಳನ್ನು ಸುಟ್ಟ. ಇಂದಿಗೂ ಪಂಜನ್ನು ಮನೆಯ ಮೂಲೆಮೂಲೆಗೂ ದನದ ಕೊಟ್ಟಿಗೆಗೂ ತೋರಿಸಿ, ಹುಳು ಸುಡಲಿ, ಹಸಿವು ಸುಡಲಿ, ರೋಗ ಸುಡಲಿ ಎಂದು ಹೇಳುತ್ತಾ ಗದ್ದೆಯ ಬದುಗಳ ಮೇಲೆ ಸಾಲಾಗಿ ಹೋಗುತ್ತಾರೆ. ಬೆಳಕಿಗೆ ಬಂದ ಪತಂಗಗಳು ಸುಟ್ಟು ಬೀಳುವುದು ಕಣ್ಣಿಗೇ ಕಾಣುತ್ತದೆ.

ಯುನ್ನಾನಿನ ದಾಲಿ ಕಡೆ ಇನ್ನೊಂದು ಕಥೆಯಿದೆ. ನಾನ್‌ಜಾವ್ ದೊರೆ ಪೀಲೋಗೆ ಉಳಿದ ಪಾಳೆಯಗಾರರನ್ನು ಪೈನ್ ಮರದ ಮಂಟಪಕ್ಕೆ ಔತಣಕ್ಕೆ ಕರೆದು ಬೆಂಕಿಯಿಟ್ಟನಂತೆ. ಅವರಲ್ಲೊಬ್ಬನ ಹೆಂಡತಿ ಮೊದಲೇ ಅಪಾಯ ಊಹಿಸಿ ಗಂಡನ ತೋಳಿಗೆ ಕಬ್ಬಿಣದ ಬಳೆ ತೊಡಿಸಿ ಕಳುಹಿಸಿದ್ದಳು. ಬೂದಿಯಲ್ಲಿ ಆ ಬಳೆಯಿಂದಲೇ ಅವನ ಮೂಳೆಗಳನ್ನು ಗುರುತಿಸಿದಳು. ಪೀಲೋಗೆ 738ರ ಹೊತ್ತಿಗೆ ಆರು ಪಾಳೆಯಪಟ್ಟುಗಳನ್ನೂ ಒಂದುಗೂಡಿಸಿದನೆಂಬುದು ಚರಿತ್ರೆ, ಬಳೆಯದು ಐತಿಹ್ಯ. ಇತಿಹಾಸದ ವಿದ್ಯಾರ್ಥಿಯವರು ಗದರುವ ಮೊದಲೇ ಹೇಳಿಬಿಡುತ್ತೇನೆ.

ಕರಾವಳಿ ಕಂದ

ನಮ್ಮ ತುಳುನಾಡಿನಲ್ಲಿಯೂ ಅದೇ ಕಾಲಕ್ಕೆ, ಅಂದರೆ ಆಟಿ ತಿಂಗಳಲ್ಲಿ, ಆಟಿ ಕಳಂಜ ಮನೆಮನೆಗೆ ಬಂದು ಮಾರಿಯನ್ನು ಕಳೆಯುತ್ತಾನೆ. ಮಳೆಗಾಲದ ನಡುವೆ ರೋಗ, ಹಸಿವು ಎರಡೂ ಬರುವ ಊರುಗಳಲ್ಲಿ ಇಂಥ ಆಚರಣೆ ಹುಟ್ಟುವುದು ಸಹಜ.

ಒಂದು ಸಂದೇಹವಿದೆ. ಆ ಪಂಜಿಗೆ ಯಾವುದೋ ಪುಡಿ ಎರಚಿ ಭಗ್ಗನೆ ಉರಿ ಎಬ್ಬಿಸುವುದನ್ನು ಒಂದು ವಿಡಿಯೋದಲ್ಲಿ ನೋಡಿದೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ರಾಳ ಹಾಕುತ್ತೇವಲ್ಲ, ಅದೇ ಅಲ್ಲವೇ?

ದಕ್ಷಿಣದ ಮೋಡ

ಅದೇ ರಾಳ. ಪೈನ್ ಮರದ ಅಂಟನ್ನು ಒಣಗಿಸಿ ಪುಡಿ ಮಾಡಿ ಚೀಲದಲ್ಲಿಟ್ಟುಕೊಂಡಿರುತ್ತಾರೆ. ಎದುರಾದವರ ಮುಂದೆ ಪಂಜು ಹಿಡಿದು ಒಂದು ಚಿಟಿಕೆ ಎರಚುತ್ತಾರೆ, ಉರಿ ಎದ್ದು ಆರುತ್ತದೆ. ಕಿರಿಯರು ಹಿರಿಯರ ಕಾಲ ಬಳಿ ಎರಚಿದರೆ ಅದು ಗೌರವ, ಹಾರೈಕೆ. ಮೊದಲ ಸಲ ನನಗೆ ಎರಚಿದಾಗ ಕಣ್ಣುಮುಚ್ಚಿದೆ, ಮೂಗಿಗೆ ಬಂದ ವಾಸನೆ ಮಾತ್ರ ನಮ್ಮೂರ ಬಯಲಾಟದ ರಂಗದ್ದೇ.

ಹಳ್ಳಿಗಾಡಿನ ಹೆಂಗಸು

‘ದೀವಟಿಗೆ ಹಬ್ಬ’ ಎಂದು ಹಲವೆಡೆ ಓದಿದ್ದೆ. ಇಲ್ಲಿ ನೀವೆಲ್ಲ ಪಂಜು ಎನ್ನುತ್ತಿರುವುದು ಸರಿಯಾಗಿದೆ. ದೀವಟಿಗೆಗೆ ಬಟ್ಟೆ ಸುತ್ತಿ ಎಣ್ಣೆ ಎರೆಯಬೇಕು. ಇವರು ಕಟ್ಟುವುದು ಮರದ ಸೀಳುಗಳ ಕಟ್ಟನ್ನು, ನಮ್ಮ ಕಡೆ ಅದಕ್ಕೆ ದೊಂದಿ ಎನ್ನುತ್ತೇವೆ.

ಭೌತವಿಜ್ಞಾನದ ಮೇಷ್ಟ್ರು

ಏಣಿಯ ವಿಷಯಕ್ಕೆ ಒಂದು ಸ್ಪಷ್ಟನೆ. ಕತ್ತಿಗಳು ಮೊಂಡಾಗಿರುತ್ತವೆ, ಇದೆಲ್ಲ ಕಣ್ಕಟ್ಟು ಎಂದು ಸುಲಭವಾಗಿ ತೀರ್ಪು ಕೊಡುವವರಿದ್ದಾರೆ. ಕತ್ತಿ ಹರಿತವಾಗಿದ್ದರೂ ಕಾಲು ಕೊಯ್ಯದೇ ಇರಲು ಸಾಧ್ಯ. ಅಲಗು ಚರ್ಮವನ್ನು ಸೀಳುವುದು ಮುಖ್ಯವಾಗಿ ಜಾರುವಾಗ. ಹುಲ್ಲು ಕೊಯ್ಯುವಾಗ ನಾವು ಕುಡುಗೋಲನ್ನು ಒತ್ತುವುದಿಲ್ಲ, ಎಳೆಯುತ್ತೇವೆ. ಈಳಿಗೆಮಣೆಯ ಮೇಲೆ ಕುಂಬಳಕಾಯಿಯನ್ನು ಇಟ್ಟು ಸುಮ್ಮನೆ ಅದುಮಿದರೆ ಸಿಪ್ಪೆ ತಡೆಯುತ್ತದೆ, ಅಲಗಿನುದ್ದಕ್ಕೂ ಸರಿಸಿದರೆ ತಕ್ಷಣ ಸೀಳುತ್ತದೆ. ಏಣಿ ಹತ್ತುವವನು ಪಾದವನ್ನು ನೇರ ಮೇಲಿಂದ ಇಳಿಸಿ, ಜಾರದಂತೆ ಇಟ್ಟು, ಕೈಗಳ ಮೇಲೆ ಒಂದಿಷ್ಟು ಭಾರ ಹೊತ್ತು, ಮತ್ತೆ ನೇರ ಮೇಲಕ್ಕೆ ಎತ್ತುತ್ತಾನೆ. ಒಂದು ಅಂಗುಲ ಜಾರಿದರೂ ಗಾಯವಾಗುತ್ತದೆ.

ಇದನ್ನು ಓದಿ ಯಾವ ವಿದ್ಯಾರ್ಥಿಯೂ ಪ್ರಯೋಗ ಮಾಡಬಾರದು ಎಂದು ದಯವಿಟ್ಟು ಗೋಡೆಪತ್ರಿಕೆಯಲ್ಲಿಯೂ ಬರೆಯಿರಿ.

ಪುರವಂತರ ಮನೆ

ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ 36 ಮೆಟ್ಟಿಲಿನ ಏಣಿಯಲ್ಲಿ 36 ಸಲ ಜಾರದಂತೆ ಕಾಲಿಡುವ ಮನಸ್ಸು ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಶಸ್ತ್ರ ಹಾಕಿಕೊಳ್ಳುವ ಮುಂಚೆ ನೇಮ ತಪ್ಪಿದವನ ಕೈ ನಡುಗುವುದನ್ನು ನಾನು ನೋಡಿದ್ದೇನೆ. ನೇಮದಲ್ಲಿದ್ದವನ ಉಸಿರೇ ಬೇರೆಯಾಗಿರುತ್ತದೆ. ಆ ಉಸಿರನ್ನು ಅವನು ದೈವ ಎನ್ನುತ್ತಾನೆ.

ಭೌತವಿಜ್ಞಾನದ ಮೇಷ್ಟ್ರು

ಅದನ್ನು ನಾನು ಅಲ್ಲಗಳೆಯಲಾರೆ. ಪಾದ ಹೇಗೆ ಉಳಿಯುತ್ತದೆ ಎಂದಷ್ಟೇ ಹೇಳಿದೆ, ಏಕೆ ಹತ್ತುತ್ತಾನೆ ಎಂಬುದು ನನ್ನ ಪಾಠದಲ್ಲಿಲ್ಲ.

ಹಳೆಯ ಯೋಧ

ನಿವೃತ್ತ ಸೈನಿಕನಾದ ನಾನು ಇಲ್ಲಿ ಬರೆಯಲು ಒಂದು ಕಾರಣವಿದೆ. ಲೀಸು ಜನ ಚೀನಾದಲ್ಲಿ ಮಾತ್ರವಲ್ಲ, ನಮ್ಮ ದೇಶದಲ್ಲಿಯೂ ಇದ್ದಾರೆ. ಅರುಣಾಚಲ ಪ್ರದೇಶದ ಚಾಂಗ್ಲಾಂಗ್ ಜಿಲ್ಲೆಯ ಪೂರ್ವ ತುದಿಯಲ್ಲಿರುವ ವಿಜಯನಗರದ ಸುತ್ತ ಅವರ ಹಳ್ಳಿಗಳಿವೆ. ಅವರನ್ನು ಅಲ್ಲಿ ಯೋಬಿನ್ ಎಂದೂ ಕರೆಯುತ್ತಾರೆ. ಹೆಸರು ಕೇಳಿ ನಮ್ಮ ಹಂಪಿ ನೆನಪಾಗಬಹುದು, ಸಂಬಂಧವೇನೂ ಇಲ್ಲ. ನಾನು ಅಲ್ಲಿದ್ದ ಕಾಲದಲ್ಲಿ ಮಿಯಾವೊದಿಂದ ನಾಮ್ದಾಫಾ ಕಾಡಿನೊಳಗೆ 157 ಕಿಲೋಮೀಟರ್ ದಾರಿಯನ್ನು ದಿನಗಟ್ಟಲೆ ನಡೆದೇ ಹೋಗಬೇಕಿತ್ತು, ಇಲ್ಲವೇ ವಾಯುಪಡೆಯ ವಿಮಾನಕ್ಕೆ ಕಾಯಬೇಕಿತ್ತು. ಉಪ್ಪಿನ ಬೆಲೆ ಕೇಳಿದರೆ ಎದೆ ಹಿಂಡುತ್ತಿತ್ತು.

ನಮ್ಮ ಸಾಮಾನು ಹೊರಲು ಬರುತ್ತಿದ್ದ ಒಬ್ಬ ಯೋಬಿನ್ ಹಿರಿಯರೊಂದಿಗೆ ನನಗೆ ಸ್ನೇಹವಾಗಿತ್ತು. ಅವರ ಸೊಂಟದಲ್ಲಿ ಸದಾ ಮರದ ಒರೆಯ ಕತ್ತಿ ಇರುತ್ತಿತ್ತು. ಬಿದಿರು ಕಡಿಯಲು, ದಾರಿ ಬಿಡಿಸಲು, ಮಾಂಸ ಕೊಯ್ಯಲು ಅದೊಂದೇ. ಅವರೆಲ್ಲ ಬಹುಪಾಲು ಕ್ರೈಸ್ತರು, ಭಾನುವಾರ ಬೆಳಿಗ್ಗೆ ಅವರ ಸಮೂಹಗಾನ ಕಣಿವೆಯಲ್ಲೆಲ್ಲ ಕೇಳುತ್ತಿತ್ತು. ಕತ್ತಿಯೇಣಿಯನ್ನು ನಾನು ಅಲ್ಲಿ ನೋಡಲಿಲ್ಲ, ಯಾರೂ ಅದರ ಮಾತೆತ್ತಿದ್ದನ್ನೂ ಕೇಳಲಿಲ್ಲ. ಆದ್ದರಿಂದ ‘ಲೀಸು ಜನರೆಲ್ಲರೂ ಕತ್ತಿ ಹತ್ತುತ್ತಾರೆ’ ಎಂದು ಬರೆದರೂ ತಪ್ಪಾಗುತ್ತದೆ, ತಾಯಿ. ಲೂಶ್ವೇ, ತೆಂಗ್‌ಚೊಂಗ್ ಎಂದು ಊರಿನ ಹೆಸರು ಹಾಕಿಯೇ ಬರೆಯಿರಿ.

ಕಣಗಿಲೆ

ಸರ್, ಇದು ನನಗೆ ತಿಳಿದೇ ಇರಲಿಲ್ಲ. ನಮ್ಮ ದೇಶದಲ್ಲೇ ಲೀಸು ಜನರಿದ್ದಾರೆ ಎಂಬುದನ್ನು ಖಂಡಿತ ಸೇರಿಸುತ್ತೇವೆ.

ಅಕ್ಷರಮೋಹಿ

‘ಯೀ ಜನ’ ಎಂಬುದೂ ಒಂದೇ ಗುಂಪಲ್ಲ ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2020ರ ಜನಗಣತಿಯಂತೆ ಅವರು ಸುಮಾರು 98 ಲಕ್ಷ. ಲಿಯಾಂಗ್‌ಶಾನ್‌ನವರು ತಮ್ಮನ್ನು ನುವೊಸು ಎನ್ನುತ್ತಾರೆ, ಯುನ್ನಾನಿನಲ್ಲಿ ನಾಸು, ನೀಸು, ಲೋಲೋಪೊ, ಸಾನಿ, ಆಶಿ ಎಂದೆಲ್ಲ ಹೆಸರುಗಳಿವೆ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಷ್ಟು ಭಾಷೆಗಳು ಬೇರೆಯಾಗಿವೆ. ಹಿಂದೆ ಚೀನೀ ಭಾಷೆಯಲ್ಲಿ ಇವರನ್ನು ಗುರುತಿಸಲು ‘ಅನಾಗರಿಕ’ ಎಂಬರ್ಥದ ಅಕ್ಷರವನ್ನು ಬಳಸುತ್ತಿದ್ದರು, 1950ರ ದಶಕದಲ್ಲಿ ಅದೇ ಉಚ್ಚಾರದ, ಪೂಜಾಪಾತ್ರೆ ಎಂಬರ್ಥದ ಬೇರೆ ಅಕ್ಷರವನ್ನು ಅಧಿಕೃತಗೊಳಿಸಿದರು.

ಇವರಿಗೆ ಸ್ವಂತ ಲಿಪಿಯೂ ಇದೆ. ಬೀಮೊ ಎಂಬ ಪುರೋಹಿತರು ಆ ಲಿಪಿಯ ಹಸ್ತಪ್ರತಿಗಳನ್ನು ತಲೆಮಾರುಗಳಿಂದ ನಕಲು ಮಾಡಿ ಕಾಪಾಡಿದ್ದಾರೆ. ಸಿಚ್ವಾನ್‌ನಲ್ಲಿ ಅದನ್ನು 819 ಅಕ್ಷರಗಳ ಪ್ರಮಾಣಲಿಪಿಯಾಗಿ ರೂಪಿಸಿದರು, 1980ರಲ್ಲಿ ಅದಕ್ಕೆ ಸರ್ಕಾರದ ಮನ್ನಣೆ ದೊರಕಿತು.

ಆಚರಣೆಗಳ ವಿಷಯಕ್ಕೆ ಬಂದರೆ, ಬೀಮೊ ಮತ್ತು ಸೂನಿ ಎಂಬ ಇಬ್ಬರನ್ನು ಬೆರೆಸಬಾರದು. ಬೀಮೊ ಗ್ರಂಥ ಓದುವವನು. ಸೂನಿ ತಮಟೆಯಂಥ ವಾದ್ಯ ಬಡಿದು ಮೈಮೇಲೆ ಬರಿಸಿಕೊಳ್ಳುವವನು. ಕಾಯಿಸಿದ ನೇಗಿಲಗುಳವನ್ನು ನಾಲಗೆಯಿಂದ ಮುಟ್ಟುವ ಆಚರಣೆ ಯೀ ಜನರಲ್ಲಿ ಪ್ರಸಿದ್ಧ. ನಿಮ್ಮ ವಿದ್ಯಾರ್ಥಿನಿ ‘ಪೂಜಾರಿ’ ಎಂದು ಬರೆದಿದ್ದರೆ ಯಾವ ಪೂಜಾರಿ ಎಂದು ಕೇಳಿ.

ಪ್ರವಾಸಿ ಪುಟ್ಟಣ್ಣ

ನಾನು ಕತ್ತಿಯೇಣಿ ಹತ್ತುವುದನ್ನು ನೋಡಿದ್ದು ಒಂದು ಪ್ರವಾಸಿ ಉದ್ಯಾನದಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಮಧ್ಯಾಹ್ನದ ಪ್ರದರ್ಶನದಲ್ಲಿ. ನಮ್ಮ ಮಾರ್ಗದರ್ಶಕ ಅದನ್ನು ‘ಯೀ ಜನರ ಸಾಂಪ್ರದಾಯಿಕ ಹಬ್ಬ’ ಎಂದೇ ಹೇಳಿದ. ಅದೇ ವೇದಿಕೆಯಲ್ಲಿ ಅರ್ಧ ಗಂಟೆಯೊಳಗೆ ಪಂಜಿನ ಕುಣಿತವೂ ಆಯಿತು. ನಾನೂ ಊರಿಗೆ ಬಂದು ಹಾಗೆಯೇ ನಾಲ್ಕು ಜನರಿಗೆ ಹೇಳಿದ್ದೇನೆ. ಈಗ ಓದುತ್ತಿದ್ದರೆ ಬೇಸರವಾಗುತ್ತಿದೆ. ಏರಿದವನು ತುದಿಯಲ್ಲಿ ಪಟಾಕಿ ಹಚ್ಚಿ, ಸಣ್ಣ ಬಾವುಟಗಳನ್ನು ಕೆಳಗೆ ಎಸೆದ. ಕೆಳಗಿಳಿದಾಗ ಅವನ ಅಂಗಾಲನ್ನು ನಮಗೆಲ್ಲ ತೋರಿಸಿದರು, ಬಿಳಿಯ ಗೆರೆಗಳಿದ್ದವು, ರಕ್ತವಿರಲಿಲ್ಲ. ಅವನ ಮುಖದಲ್ಲಿ ದಣಿವಿತ್ತು. ಅವನು ಯಾವ ಜನ, ಯಾವ ಊರಿನವನು ಎಂದು ನಾನು ಕೇಳಲೇ ಇಲ್ಲ.

ದಕ್ಷಿಣದ ಮೋಡ

ಗೊಂದಲ ಹುಟ್ಟುವುದು ಹೀಗೆಯೇ, ಪುಟ್ಟಣ್ಣನವರೇ. ಫಾಲ್ಗುಣದ್ದನ್ನೂ ಆಷಾಢದ್ದನ್ನೂ ಒಂದೇ ವೇದಿಕೆಗೆ ತಂದರೆ ನೋಡುವವನಿಗೆ ಎರಡೂ ಒಂದೇ ಹಬ್ಬವಾಗುತ್ತದೆ. ಏರಿದವನ ಶ್ರಮ ಸುಳ್ಳಲ್ಲ, ಹಣೆಪಟ್ಟಿ ಸುಳ್ಳು.

ಕೊಡಗಿನ ಕಾಫಿ

ಆದರೆ ಆ ಪ್ರದರ್ಶನದಿಂದ ಅವನ ಮನೆ ನಡೆಯುತ್ತದೆ ಎಂಬುದನ್ನೂ ಮರೆಯಬೇಡಿ. ನಮ್ಮ ಕಲಾವಿದರೂ ಹಬ್ಬವಿಲ್ಲದ ದಿನ ವೇದಿಕೆ ಹತ್ತುತ್ತಾರೆ.

ಪುರವಂತರ ಮನೆ

ಹತ್ತುತ್ತಾರೆ, ನಿಜ. ವೀರಗಾಸೆಯನ್ನು ಮೆರವಣಿಗೆಗಳಲ್ಲಿ ಎಲ್ಲರೂ ನೋಡಿದ್ದೀರಿ. ಆದರೆ ಮೆರವಣಿಗೆಯಲ್ಲಿ ಶಸ್ತ್ರ ಹಾಕಿಕೊಳ್ಳಲು ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ಕುಣಿತ ಊರಿಗೆ, ಶಸ್ತ್ರ ದೇವರಿಗೆ ಎನ್ನುತ್ತಿದ್ದರು. ಮೊದಲು ನಾನು ಎಲ್ಲವೂ ಒಂದೇ ಎಂದು ವಾದಿಸಿದೆ. ಈ ಮಾತು ಬರೆಯುವಾಗ ನನಗೇ ಹೊಳೆಯಿತು, ನಮ್ಮಲ್ಲಿಯೇ ಎರಡು ಬಗೆಯ ಅಲಗುಗಳಿವೆ. ಹಾಗಿರುವಾಗ ಯೀ ಜನರ ಕುಣಿತದ ಕತ್ತಿಯನ್ನೂ ಲೀಸು ಜನರ ಏಣಿಯ ಕತ್ತಿಯನ್ನೂ ಬೇರೆ ಎನ್ನಲು ನನಗೆ ಅಡ್ಡಿಯಿಲ್ಲ.

ಇತಿಹಾಸದ ವಿದ್ಯಾರ್ಥಿ

ಅಣ್ಣಾ, ‘ಕುಣಿತ ಊರಿಗೆ, ಶಸ್ತ್ರ ದೇವರಿಗೆ’ ಎಂಬ ಮಾತನ್ನು ನಾನು ಬರೆದಿಟ್ಟುಕೊಂಡೆ.

ಕಣಗಿಲೆ

ಎಲ್ಲರ ಸಹಾಯದಿಂದ ಟಿಪ್ಪಣಿಯನ್ನು ವಿದ್ಯಾರ್ಥಿನಿಯೇ ಮತ್ತೆ ಬರೆದಿದ್ದಾಳೆ. ಅಂಟಿಸುವ ಮುಂಚೆ ಒಮ್ಮೆ ನೋಡಿಕೊಡಿ:

‘ಮೊದಲ ಚಿತ್ರ: ಯುನ್ನಾನಿನ ಲೂಶ್ವೇ, ತೆಂಗ್‌ಚೊಂಗ್ ಕಡೆಯ ಲೀಸು ಜನರ ಕತ್ತಿಯೇಣಿ ಹಬ್ಬ. ಸುಮಾರು ಫಾಲ್ಗುಣ ಶುದ್ಧ ಅಷ್ಟಮಿಗೆ ಬರುತ್ತದೆ. ವಾಂಗ್ ಜೀ ಎಂಬ ಮಂತ್ರಿ ಹತನಾದನೆಂಬ ಐತಿಹ್ಯ ಇದರೊಂದಿಗೆ ಸೇರಿಕೊಂಡಿದೆ. ಲೀಸು ಜನ ಅರುಣಾಚಲ ಪ್ರದೇಶದಲ್ಲಿಯೂ ಇದ್ದಾರೆ, ಈ ಚಿತ್ರದ ಆಚರಣೆ ಅಲ್ಲಿನದಲ್ಲ. ಎರಡನೆಯ ಚಿತ್ರ: ಯೀ ಜನರ ವೃತ್ತ ಕುಣಿತ. ನಡುವೆ ಇಬ್ಬರು ಖಡ್ಗ ಹಿಡಿದು ಕುಣಿಯುತ್ತಾರೆ. ವೇಶಾನ್ ಕಡೆ ಇದನ್ನು ದಾಗೆ ಎನ್ನುತ್ತಾರೆ. ಚೂಶಿಯೊಂಗ್‌ನ ಗಾವೊಫೆಂಗ್‌ನಲ್ಲಿ ಆಷಾಢದ ಪಂಜಿನ ಹಬ್ಬದಂದು ಬೇರೆಯದೇ ಆದ ಖಡ್ಗ ಕುಣಿತವಿದೆ. ಇದನ್ನು ಓದಿ ಯಾರೂ ಅಲಗಿನ ಮೇಲೆ ಕಾಲಿಡುವ ಪ್ರಯತ್ನ ಮಾಡಬಾರದು.’

ಅಕ್ಷರಮೋಹಿ

ಚೆನ್ನಾಗಿದೆ, ಒಂದೇ ಒಂದು ತಿದ್ದುಪಡಿ. ಚೀನೀ ಭಾಷೆಯಲ್ಲಿ ಒಂದೇ ಬದಿಯ ಅಲಗಿಗೆ ದಾವೊ, ಎರಡೂ ಬದಿಯ ಅಲಗಿಗೆ ಜಿಯೆನ್ ಎಂಬ ಬೇರೆ ಬೇರೆ ಹೆಸರುಗಳಿವೆ. ಈ ಎರಡೂ ಆಚರಣೆಗಳಲ್ಲಿ ಇರುವುದು ದಾವೊ. ಖಡ್ಗ ಎಂದರೆ ನಮ್ಮ ಓದುಗರ ಕಣ್ಣಿಗೆ ವೀರಭದ್ರನ ಕೈಯದೇ ಬರುತ್ತದೆ. ‘ಕತ್ತಿ’ ಎಂದೇ ಬರೆಯಿಸಿ.

ಕಣಗಿಲೆ

ಎರಡೂ ಕಡೆ ‘ಕತ್ತಿ’ ಎಂದು ತಿದ್ದಿಸಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ಅವಧಿಗೆ ಮುಂಚೆ ಅಂಟಿಸುತ್ತೇವೆ.